ಉಪ್ಪಾಗೆಗೆ ಬೊಜ್ಜು ಕರಗೀತೇ?

ಮುಟ್ಟು ನಿಲ್ಲುವ ವಯಸ್ಸಿನ ಓದುಗರೊಬ್ಬರು ಡಬ್ಬಿಯೊಂದರ ಲೇಬಲ್ಲಿನ ಫೋಟೊ ಕಳಿಸಿ, ‘ಇದನ್ನು ನುಂಗಿದರೆ ನಿಜಕ್ಕೂ ಹೊಟ್ಟೆ ಇಳಿಯುತ್ತದೆಯೇ? ಮನೆಯಲ್ಲಿ ಯಾರಿಗೂ ಹೇಳದೆ ತರಿಸಿಕೊಂಡಿದ್ದೇನೆ’ ಎಂದು ಕೇಳಿದ್ದಾರೆ. ಡಬ್ಬಿ ‘ನಲವತ್ತೈದು ದಾಟಿದ ಮಹಿಳೆಯರಿಗಾಗಿಯೇ’ ತಯಾರಾದದ್ದಂತೆ. ಒಳಗಿರುವ ಮುಖ್ಯ ವಸ್ತು ಗಾರ್ಸೀನಿಯಾ ಕ್ಯಾಂಬೋಜಿಯಾ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಮಳೆಗಾಲದಲ್ಲಿ ಕಾಡಿನಿಂದ ಹೆಕ್ಕಿ ತಂದು, ಸಿಪ್ಪೆ ಬಿಡಿಸಿ, ಬೆಂಕಿಯ ಮೇಲೆ ಒಣಗಿಸುತ್ತಾರಲ್ಲ, ಅದೇ ಉಪ್ಪಾಗೆ. ಬೀಜದಿಂದ ತುಪ್ಪ ತೆಗೆಯುವುದೂ ಉಂಟು. ಕೇರಳದ ಮೀನಿನ ಸಾರಿಗೆ ಹುಳಿ ಕೊಡುವ ಕುಡಂಪುಳಿಯೂ ಇದೇ.

ಅಡುಗೆಮನೆಯ ಈ ಹುಳಿ ಮಾತ್ರೆಯಾದ ಕಥೆಯ ಮೊದಲ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ. ಉಪ್ಪಾಗೆಯ ಹುಳಿಗೆ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳು ಕಾರಣ ಎಂದು ಆವರೆಗೆ ನಂಬಿದ್ದರು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ತಂಡ ಇದರ ಇನ್ನೊಂದು ಗುಣ ಕಂಡುಹಿಡಿಯಿತು. ನಾವು ಹೆಚ್ಚಾಗಿ ತಿಂದ ಅನ್ನ, ಸಕ್ಕರೆಗಳನ್ನು ದೇಹ ಕೊಬ್ಬಾಗಿ ಮಾರ್ಪಡಿಸುವಾಗ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಸಿಟ್ರೇಟನ್ನು ತುಂಡರಿಸಬೇಕಾಗುತ್ತದೆ. ಉಪ್ಪಾಗೆಯ ಆಮ್ಲ ನೋಡಲು ಹೆಚ್ಚುಕಡಿಮೆ ಸಿಟ್ರಿಕ್ ಆಮ್ಲದಂತೆಯೇ ಇದೆ. ಕಿಣ್ವ ಮೋಸಹೋಗಿ ಅದನ್ನೇ ಹಿಡಿದು ಕೂರುತ್ತದೆ, ಕೊಬ್ಬಿನ ತಯಾರಿಕೆ ನಿಲ್ಲುತ್ತದೆ. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ಆನ್ ಸಲ್ಲಿವನ್ ತಂಡ ಇಲಿಗಳಿಗೆ ಇದನ್ನು ತಿನ್ನಿಸಿದಾಗ ಅವುಗಳ ಹಸಿವೂ ತೂಕವೂ ಇಳಿದವು.

ಇಷ್ಟೂ ನಿಜ, ಸೊಗಸಾದ ವಿಜ್ಞಾನ. ನಮ್ಮ ಕಾಡಿನ ಹಣ್ಣೊಂದು ಜೀವರಸಾಯನ ಶಾಸ್ತ್ರಕ್ಕೆ ಇಂಥ ಸಾಧನವನ್ನು ಕೊಟ್ಟಿತೆಂಬುದು ಹೆಮ್ಮೆಯ ವಿಷಯವೇ. ಜಾಹೀರಾತುಗಳು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ.

ಇಲಿಗೆ ಹಿಡಿಸಿದ್ದು ಮನುಷ್ಯರಿಗೂ ಹಿಡಿಸುತ್ತದೆಯೇ? ಮಲೆನಾಡಿನ ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ತೋಟದ ತಳದ ಹೊಂಡಕ್ಕೆ ಎರಡು ಕಡೆಯಿಂದ ನೀರು ಬರುತ್ತದೆ: ಒಂದು ಗುಡ್ಡದಿಂದ ನೇರ ಇಳಿಯುವ ದೊಡ್ಡ ಹಳ್ಳ, ಇನ್ನೊಂದು ಪಕ್ಕದ ಗದ್ದೆಯಿಂದ ಜಿನುಗುವ ಸಣ್ಣ ಕಾಲುವೆ. ಸಣ್ಣ ಕಾಲುವೆಗೆ ಮಣ್ಣು ಹಾಕಿ ಗಟ್ಟಿಯಾಗಿ ಮುಚ್ಚಿದಿರಿ. ಕೆಲಸ ಚೆನ್ನಾಗಿಯೇ ಆಯಿತು, ಒಂದು ಹನಿ ಸೋರುತ್ತಿಲ್ಲ. ಆದರೆ ಹೊಂಡ ಮೊದಲಿನಂತೆಯೇ ತುಂಬುತ್ತಿದೆ. ನಮ್ಮ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ಊಟದಲ್ಲಿದ್ದ ಎಣ್ಣೆ, ತುಪ್ಪ, ಕೊಬ್ಬರಿಯಿಂದ ನೇರವಾಗಿ ಬಂದದ್ದು. ಅನ್ನವನ್ನು ಕೊಬ್ಬಾಗಿಸುವ ದಾರಿ ಮನುಷ್ಯರಲ್ಲಿ ಕಿರಿದು, ಇಲಿಗಳಲ್ಲಿ ಅಗಲ. ಉಪ್ಪಾಗೆ ಮುಚ್ಚುವುದು ಆ ಕಿರಿದಾದ ದಾರಿಯನ್ನು.

ಆದರೂ ಪರೀಕ್ಷಿಸದೆ ತೀರ್ಪು ಕೊಡಬಾರದು. ನ್ಯೂಯಾರ್ಕಿನ ಸ್ಟೀವನ್ ಹೇಮ್ಸ್‌ಫೀಲ್ಡ್ ತಂಡ ಪರೀಕ್ಷಿಸಿ 1998ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟಿಸಿತು. ತೂಕ ಹೆಚ್ಚಿದ್ದ 135 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಉಳಿದವರಿಗೆ ನೋಡಲು ಅದೇ ತರಹದ ಹುಸಿಮಾತ್ರೆ. ಯಾರದು ಯಾವುದೆಂದು ತಿಂದವರಿಗೂ ಕೊಟ್ಟವರಿಗೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ಪಥ್ಯ. ಹನ್ನೆರಡು ವಾರಗಳಲ್ಲಿ ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೊ ಇಳಿದರು. ಹುಸಿಮಾತ್ರೆಯವರು ಇಳಿದದ್ದು 4.1 ಕಿಲೊ! ಈ ವ್ಯತ್ಯಾಸ ಆಕಸ್ಮಿಕದ ಮಿತಿಯೊಳಗಿನದು, ಹುಸಿಮಾತ್ರೆ ಗೆದ್ದಿತು ಎನ್ನಲಾಗದು. ತೂಕ ಇಳಿಸಿದ್ದು ಪಥ್ಯ ಎಂಬುದಂತೂ ಸ್ಪಷ್ಟ. ಹುಸಿಮಾತ್ರೆಯ ಗುಂಪನ್ನು ಮರೆಮಾಡಿ ‘ಹನ್ನೆರಡು ವಾರದಲ್ಲಿ ಮೂರು ಕಿಲೊ’ ಎಂದಷ್ಟೇ ಬರೆದರೆ ಸುಳ್ಳಾಡದೆಯೇ ವಂಚಿಸಬಹುದು. ಯಾವ ಡಬ್ಬಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಆ ಎರಡನೆಯ ಗುಂಪಿನ ಅಂಕಿಯನ್ನು.

‘ಮುಟ್ಟು ನಿಂತವರಿಗೆ ವಿಶೇಷ’ ಎಂಬ ಲೇಬಲ್ಲಿನ ಮಾತಿಗೂ ಉತ್ತರ ಬೇಕು. ಆ ವಯಸ್ಸಿನಲ್ಲಿ ಮೈ ಬದಲಾಗುವುದು ಭ್ರಮೆಯಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಸಾವಿರಾರು ಹೆಂಗಸರನ್ನು ವರ್ಷವರ್ಷವೂ ಅಳೆಯುತ್ತ ಬಂದ ‘ಸ್ವಾನ್’ ಅಧ್ಯಯನದ ಪ್ರಕಾರ, ಮುಟ್ಟು ಏರುಪೇರಾಗಲು ಶುರುವಾದಾಗ ಕೊಬ್ಬು ಸೇರುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೇ ಹೊತ್ತಿಗೆ ಸ್ನಾಯು ಕರಗತೊಡಗುತ್ತದೆ. ಒಂದು ಕೂಡಿ ಇನ್ನೊಂದು ಕಳೆಯುವುದರಿಂದ ತೂಕದ ಯಂತ್ರ ಹಠಾತ್ ಏರಿಕೆಯನ್ನೇನೂ ತೋರಿಸುವುದಿಲ್ಲ. ಈಸ್ಟ್ರೊಜೆನ್ ಇಳಿದಂತೆ ತೊಡೆ, ಸೊಂಟದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ರವಿಕೆ ಬಿಗಿಯಾಗುವುದು, ಸೀರೆಯ ನೆರಿಗೆ ಕಡಿಮೆ ಬೀಳುವುದು ಇದರಿಂದ. ‘ಕುಂದಿದ ಮೆಟಬಾಲಿಸಂ ಚುರುಕುಗೊಳಿಸುತ್ತೇವೆ’ ಎನ್ನುತ್ತದೆ ಲೇಬಲ್ಲು. ಆದರೆ ವಿಜ್ಞಾನಿ ಹರ್ಮನ್ ಪಾಂಟ್ಜರ್ ತಂಡ ಆರು ಸಾವಿರಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದು 2021ರಲ್ಲಿ ಪ್ರಕಟಿಸಿದಾಗ, ಮೈಯ ಗಾತ್ರಕ್ಕೆ ಸರಿದೂಗಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಅದು ಬಹುತೇಕ ಸಮವಾಗಿಯೇ ಇತ್ತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಯಾವ ಕುಸಿತವೂ ಕಾಣಲಿಲ್ಲ. ಕುಂದದೇ ಇದ್ದುದನ್ನು ಚುರುಕುಗೊಳಿಸುವುದು ಹೇಗೆ?

ಉಪಯೋಗವಿಲ್ಲದಿದ್ದರೂ ಅಪಾಯವಿಲ್ಲವಲ್ಲ, ಗಿಡಮೂಲಿಕೆ ತಾನೆ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಸಾರಿನ ಉಪ್ಪಾಗೆ ಬೇರೆ, ಅದರ ಸಾಂದ್ರಸಾರವನ್ನು ದಿನವೂ ತಿಂಗಳುಗಟ್ಟಲೆ ನುಂಗುವುದು ಬೇರೆ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ, ಕೆಲವರಿಗೆ ಲಿವರ್ ಕಸಿಯನ್ನೇ ಮಾಡಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಲಬೆರಕೆಯ ಭಯ ಇದಕ್ಕಿಂತ ದೊಡ್ಡದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಿಂದ 2016ರವರೆಗೆ ಗುಟ್ಟಾಗಿ ಔಷಧ ಬೆರೆಸಿದ್ದ 776 ಆಹಾರ ಪೂರಕಗಳನ್ನು ಗುರುತಿಸಿತು. ಅವುಗಳಲ್ಲಿ ನೂರಕ್ಕೆ ನಲವತ್ತರಷ್ಟು ತೂಕ ಇಳಿಸುವಂಥವು, ಹೆಚ್ಚಿನವುಗಳಲ್ಲಿ ಇದ್ದದ್ದು ಸಿಬುಟ್ರಮೀನ್. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆಂದು 2010ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದ, ಮರುವರ್ಷ ಭಾರತದಲ್ಲೂ ನಿಷೇಧವಾದ ಔಷಧ ಅದು. ಡಬ್ಬಿಯೊಂದು ಬೆರಗಾಗುವಷ್ಟು ಬೇಗ ಕೆಲಸ ಮಾಡಿದರೆ ಸಂತೋಷಕ್ಕಿಂತ ಅನುಮಾನವೇ ಮೊದಲು ಬರಬೇಕು. ನಮ್ಮಲ್ಲಿ ಪೂರಕಗಳು ಔಷಧವಲ್ಲ, ಆಹಾರ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದ್ದ ಮಾತ್ರಕ್ಕೆ ಬೊಜ್ಜು ಕರಗುತ್ತದೆಂದು ಯಾರೋ ಸಾಬೀತುಪಡಿಸಿದ್ದಾರೆ ಎಂದಲ್ಲ. ಔಷಧವಾಗಿ ಬಳಸುವಂಥದ್ದಲ್ಲ ಎಂಬ ಸಾಲನ್ನು ಅದೇ ಲೇಬಲ್ಲಿನಲ್ಲಿ ಕಂಪನಿ ಅಚ್ಚು ಹಾಕಲೇಬೇಕು, ಹುಡುಕಿ ನೋಡಿ.

ಡಬ್ಬಿಗೆ ಸುರಿಯುವ ದುಡ್ಡಿನಲ್ಲಿ ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮನೆಯಲ್ಲಿ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿದ್ದರೆ ಒಳ್ಳೆಯದು ಎನ್ನುತ್ತಾರೆ ವೈದ್ಯರು. ಕರಗುತ್ತಿರುವ ಸ್ನಾಯುವನ್ನು ಉಳಿಸುವುದು ಭಾರ ಎತ್ತುವ ವ್ಯಾಯಾಮ ಮತ್ತು ಕಾಳು, ಮೊಸರು, ಮೊಟ್ಟೆಯಂಥ ಊಟ. ಬರೀ ನಡಿಗೆ ಸಾಲದು.

ಪತ್ರ ಬರೆದವರಿಗೆ ಒಂದು ತುರ್ತಿನ ಮಾತು: ಡಬ್ಬಿಯನ್ನು ಆಗಲೇ ಶುರುಮಾಡಿದ್ದರೆ ಇವತ್ತೇ ನಿಲ್ಲಿಸಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಊಟ ಸೇರದಿರುವುದು, ವಿಪರೀತ ಸುಸ್ತು – ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಡಬ್ಬಿಯನ್ನೂ ಕೊಂಡೊಯ್ಯಿರಿ, ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ.