ಸಮಾಲೋಚನೆ ಆಮೇಲೆ, ಮೊದಲು ನಿದ್ದೆ

ಕೋವಿಡ್ ಚೀನಾದಲ್ಲಿ ಹಬ್ಬತೊಡಗಿದ್ದ 2020ರ ಆರಂಭದಲ್ಲಿ, ಚಾಂಗ್‌ಶಾ ನಗರದ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರೆ ತನ್ನ ವೈದ್ಯರು ಮತ್ತು ನರ್ಸ್‌ಗಳ ಮನಸ್ಸನ್ನು ಕಾಪಾಡಲು ಒಂದು ಯೋಜನೆ ಹಾಕಿಕೊಂಡಿತು. ಮನೋವೈದ್ಯರ ತಂಡ ಆನ್‌ಲೈನ್ ಪಾಠಗಳನ್ನು ತಯಾರಿಸಿತು, ಸಹಾಯವಾಣಿ ತೆರೆಯಿತು, ಒತ್ತಡ ಇಳಿಸುವ ಗುಂಪು ಚಟುವಟಿಕೆಗಳನ್ನು ಹೊಂದಿಸಿತು. ಆದರೆ ಯಾರಿಗಾಗಿ ಇಷ್ಟೆಲ್ಲ ಮಾಡಿದ್ದರೋ ಅವರೇ ಹತ್ತಿರ ಸುಳಿಯಲಿಲ್ಲ. ಕೆಲವು ನರ್ಸ್‌ಗಳು ಮಾತುಮಾತಿಗೆ ಸಿಡುಕುತ್ತಿದ್ದರು, ವಿಶ್ರಾಂತಿ ತೆಗೆದುಕೊಳ್ಳಿ ಎಂದರೂ ಒಪ್ಪುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿದರೆ, ನಮಗೇನೂ ಆಗಿಲ್ಲ ಎನ್ನುತ್ತಿದ್ದರು.

ಆಸ್ಪತ್ರೆಯವರು ಆಗ ಮಾಡಿದ್ದು ಬುದ್ಧಿವಂತಿಕೆಯ ಕೆಲಸ. ಹದಿಮೂರು ಮಂದಿ ಸಿಬ್ಬಂದಿಯನ್ನು ಕೂರಿಸಿಕೊಂಡು ಕಾರಣ ಕೇಳಿದರು. ಬಂದ ಉತ್ತರಗಳಲ್ಲಿ ಮನಶ್ಶಾಸ್ತ್ರದ ಮಾತು ಕಡಿಮೆಯೇ ಇತ್ತು. ಕೆಲಸಕ್ಕೆ ಇಳಿದ ಮೇಲೆ ಸೋಂಕಿನ ಭಯ ಅಷ್ಟಾಗಿ ಕಾಡುತ್ತಿರಲಿಲ್ಲ. ಸೋಂಕನ್ನು ಮನೆಗೆ ಒಯ್ದರೆ ಎಂಬ ಭಯ ಕಾಡುತ್ತಿತ್ತು. ಗಾಬರಿಬಿದ್ದು ಕ್ವಾರಂಟೈನ್ ಒಲ್ಲೆ ಎನ್ನುವ ರೋಗಿಗಳನ್ನು ಹೇಗೆ ಸಂಭಾಳಿಸುವುದೋ ತಿಳಿಯುತ್ತಿರಲಿಲ್ಲ. ರಕ್ಷಣಾ ಸಾಮಗ್ರಿ (ಪಿಪಿಇ) ಸಾಲುತ್ತಿರಲಿಲ್ಲ. ಹಲವರು ನೇರವಾಗಿಯೇ ಹೇಳಿದರು: ನಮಗೆ ಬೇಕಾದದ್ದು ಮನೋವೈದ್ಯರಲ್ಲ, ಯಾರೂ ಎಬ್ಬಿಸದ ವಿಶ್ರಾಂತಿ ಮತ್ತು ಸಾಕಷ್ಟು ಪಿಪಿಇ.

ಯೋಜನೆ ಬದಲಾಯಿತು. ಮನೆಯವರಿಂದ ದೂರ ಇದ್ದು ಮಲಗಲು ಜಾಗ, ಊಟ ಮತ್ತು ದಿನಬಳಕೆಯ ವಸ್ತುಗಳ ಏರ್ಪಾಡು, ಜಗಳಕ್ಕೆ ನಿಲ್ಲುವ ರೋಗಿಗಳಿದ್ದಲ್ಲಿ ನೆರವಿಗೆ ಭದ್ರತಾ ಸಿಬ್ಬಂದಿ ಬಂದರು. ಆಸ್ಪತ್ರೆಯಲ್ಲಿ ತಾವು ಹೇಗಿದ್ದೇವೆ ಎಂದು ಮನೆಯವರಿಗೆ ತೋರಿಸಲು ವಿಡಿಯೊ ಮಾಡಿಕೊಟ್ಟರು. ಸಮಾಲೋಚಕರು ತಮ್ಮ ಕೋಣೆ ಬಿಟ್ಟು ಆ ವಿಶ್ರಾಂತಿ ಜಾಗಕ್ಕೇ ಹೋಗಿ, ಅಲ್ಲಿದ್ದವರ ಕಷ್ಟಸುಖ ಕೇಳತೊಡಗಿದರು. ಈ ಅನುಭವದ ಪುಟ್ಟ ವರದಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂತು. ಆ ಕಾಲದಲ್ಲಿ ಈ ವಿಷಯದ ಮೇಲೆ ಬಂದ ರಾಶಿ ಬರಹದ ನಡುವೆ ನನಗೆ ಅತ್ಯಂತ ಉಪಯುಕ್ತ ಎನಿಸಿದ್ದು ಅದೇ.

ನಿದ್ದೆ ಕೇಳಿದವರು ಮನಸ್ಸಿನ ಮಾತನ್ನು ತಪ್ಪಿಸುತ್ತಿದ್ದರು ಎಂದು ಯಾರಿಗಾದರೂ ಅನಿಸಬಹುದು. ಆದರೆ ಮಿದುಳಿನ ವಿಜ್ಞಾನ ಅವರ ಪರವಾಗಿದೆ. ಅಪಾಯವನ್ನು ಗುರುತಿಸಿ ಎಚ್ಚರಿಸುವ ಅಮಿಗ್ಡಲ ಎಂಬ ಭಾಗ ಮಿದುಳಿನ ಆಳದಲ್ಲಿದೆ. ಅದರ ಅಬ್ಬರವನ್ನು ಹತೋಟಿಯಲ್ಲಿಡುವುದರಲ್ಲಿ ಹಣೆಯ ಹಿಂದಿನ ಭಾಗಕ್ಕೆ ದೊಡ್ಡ ಪಾತ್ರವಿದೆ. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಆರೋಗ್ಯವಂತ ಯುವಜನರನ್ನು ಸುಮಾರು 35 ಗಂಟೆ ನಿದ್ದೆಗೆಡಿಸಿ, ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ನಿದ್ದೆ ಮಾಡಿದವರಿಗೆ ಹೋಲಿಸಿದರೆ ಅವರ ಅಮಿಗ್ಡಲದ ಪ್ರತಿಕ್ರಿಯೆ ಶೇ 60ರಷ್ಟು ಹೆಚ್ಚಿತ್ತು. ಹಣೆಯ ಹಿಂದಿನ ಭಾಗದ ಜೊತೆಗಿನ ಅದರ ಸಂಪರ್ಕ ಸಡಿಲವಾಗಿತ್ತು. ಒಂದೂವರೆ ದಿನದ ಪ್ರಯೋಗದಲ್ಲೇ ಹೀಗೆ. ಕೋವಿಡ್ ವಾರ್ಡಿನ ಪಾಳಿಗಳು ತಿಂಗಳುಗಟ್ಟಲೆ ನಡೆದವು. ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕಾದ ಕಾರ್ಟಿಸಾಲ್ ಹಾರ್ಮೋನಿನ ಲಯ ರಾತ್ರಿಪಾಳಿಯಲ್ಲಿ ತಪ್ಪುತ್ತದೆ. ಪಿಪಿಇ ತೊಟ್ಟರೆ ಗಂಟೆಗಟ್ಟಲೆ ನೀರಿಲ್ಲ, ಶೌಚವಿಲ್ಲ. ಈ ಸ್ಥಿತಿಯಲ್ಲಿರುವ ನರ್ಸ್‌ಗೆ ಧ್ಯಾನದ ಆ್ಯಪ್ ಕೊಡುವುದು, ಮನೆ ಸೋರುತ್ತಿದೆ ಎಂದವನಿಗೆ ಕೊಡೆ ಕೊಟ್ಟಂತೆ.

ಇದು ಕೋವಿಡ್‌ಗೆ ಮೊದಲೇ ತಿಳಿದಿದ್ದ ಸಂಗತಿ ಕೂಡ. 2003ರ ಸಾರ್ಸ್ ಕಾಯಿಲೆ ಕೆನಡಾದ ಟೊರಾಂಟೊ ನಗರವನ್ನು ತೀವ್ರವಾಗಿ ಕಾಡಿತು. ಆ ದೇಶದಲ್ಲಿ ಸತ್ತ 44 ಜನರಲ್ಲಿ ಇಬ್ಬರು ನರ್ಸ್‌ಗಳು, ಒಬ್ಬ ವೈದ್ಯ ಇದ್ದರು. ಕಾಯಿಲೆ ಅಡಗಿ ಒಂದರಿಂದ ಎರಡು ವರ್ಷವಾದ ಮೇಲೆ ಮನೋವೈದ್ಯ ರಾಬರ್ಟ್ ಮೌಂಡರ್ ಮತ್ತು ಸಂಗಡಿಗರು ಟೊರಾಂಟೊದ ಆಸ್ಪತ್ರೆ ಸಿಬ್ಬಂದಿಯನ್ನು, ಸಾರ್ಸ್ ರೋಗಿಗಳನ್ನು ಕಾಣದ ಪಕ್ಕದ ಹ್ಯಾಮಿಲ್ಟನ್ ನಗರದ ಸಿಬ್ಬಂದಿಯ ಜೊತೆ ಹೋಲಿಸಿ ನೋಡಿದರು. ಕೆಲಸದಿಂದ ಬಸವಳಿದು ಬರಿದಾದ ಸ್ಥಿತಿ ಟೊರಾಂಟೊದಲ್ಲಿ ಶೇ 30ರಷ್ಟು ಜನರಲ್ಲಿ, ಹ್ಯಾಮಿಲ್ಟನ್‌ನಲ್ಲಿ ಶೇ 19ರಷ್ಟು ಜನರಲ್ಲಿ ಕಂಡಿತು. ಟೊರಾಂಟೊದಲ್ಲಿ ರೋಗಿಗಳ ಸಂಪರ್ಕವನ್ನೂ ಕೆಲಸದ ಗಂಟೆಗಳನ್ನೂ ಕಡಿಮೆ ಮಾಡಿಕೊಂಡವರು ಹೆಚ್ಚಿದ್ದರು. ತರಬೇತಿ, ರಕ್ಷಣೆ, ನೈತಿಕ ಬೆಂಬಲ ಸಾಕಷ್ಟು ಸಿಕ್ಕಿತ್ತು ಎಂದವರ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿತ್ತು. ಹದಿನೇಳು ವರ್ಷದ ನಂತರ ಚಾಂಗ್‌ಶಾದ ನರ್ಸ್‌ಗಳು ಕೇಳಿದ್ದೂ ಹೆಚ್ಚುಕಡಿಮೆ ಇವನ್ನೇ.

ಅಂಕಿಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ. ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯ ಸಮೀಕ್ಷೆಯಲ್ಲಿ ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿವೆ ಎಂಬುದು 2020ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಲಕ್ಷಣ ಬೇರೆ, ಕಾಯಿಲೆ ಬೇರೆ. ಬ್ರಿಟನ್ನಿನ ಸಂಶೋಧಕರು ಮುಂದೆ ಇದನ್ನೇ ಪರೀಕ್ಷಿಸಿದರು: ಪ್ರಶ್ನಾವಳಿ ಕೊಟ್ಟು ಟಿಕ್ ಮಾಡಿಸಿದಾಗ ಅಲ್ಲಿನ ಆರೋಗ್ಯ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಖಿನ್ನತೆ ಅಥವಾ ಆತಂಕದ ತೊಂದರೆ ಇರುವಂತೆ ಕಂಡಿತು, ಕ್ರಮಬದ್ಧವಾಗಿ ಸಂದರ್ಶಿಸಿದಾಗ ಅದು ಐವರಲ್ಲಿ ಒಬ್ಬರ ಆಸುಪಾಸಿಗೆ ಇಳಿಯಿತು. ಐವರಲ್ಲಿ ಒಬ್ಬರು ಎಂದರೂ ಕಡಿಮೆಯೇನಲ್ಲ. ಅವರಿಗೆ ಚಿಕಿತ್ಸೆ ಬೇಕು, ಕೆಲವರಿಗೆ ಔಷಧವೂ ಬೇಕು. ಉಳಿದ ಬಹುಪಾಲು ಜನ ಕೆಟ್ಟ ಪರಿಸ್ಥಿತಿಯಲ್ಲಿ ಸಹಜವಾಗಿ ನೊಂದವರು. ಪರಿಸ್ಥಿತಿ ಸುಧಾರಿಸಿದರೆ ಅವರೂ ಸುಧಾರಿಸುತ್ತಾರೆ. ಎಲ್ಲರನ್ನೂ ರೋಗಿಗಳ ಪಟ್ಟಿಗೆ ಸೇರಿಸಿದರೆ ನಿಜವಾದ ರೋಗಿ ಆ ಗುಂಪಿನಲ್ಲಿ ಕಳೆದುಹೋಗುತ್ತಾನೆ.

ಒಳ್ಳೆಯ ಉದ್ದೇಶದ ನೆರವು ಕೆಲವೊಮ್ಮೆ ಕೆಲಸಕ್ಕೆ ಬಾರದು ಎಂಬುದಕ್ಕೆ ಹಳೆಯ ಪಾಠವೊಂದಿದೆ. ಆಘಾತವಾದ ಕೂಡಲೇ ಎಲ್ಲರನ್ನೂ ಕೂರಿಸಿ, ಕಂಡದ್ದು ಅನುಭವಿಸಿದ್ದು ಎಲ್ಲವನ್ನೂ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ಪದ್ಧತಿ 1980ರ ದಶಕದಿಂದ ಪ್ರಚಾರಕ್ಕೆ ಬಂತು. ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2002ರಲ್ಲಿ ಹೇಳಿದ್ದು, ಇದರಿಂದ ಆಘಾತೋತ್ತರ ಒತ್ತಡ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು. ಗಾಯ ಹಸಿಯಾಗಿದ್ದಾಗ ಒತ್ತಾಯದಿಂದ ಮಾತಾಡಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುವ ಮಾನಸಿಕ ಪ್ರಥಮ ಚಿಕಿತ್ಸೆ ಸರಳ: ಯಾರಿಗೆ ಏನು ಬೇಕೆಂದು ನೋಡು, ಅವರಾಗಿ ಹೇಳಿದರೆ ಕೇಳಿಸಿಕೋ, ಬೇಕಾದ ನೆರವಿಗೆ ತಲುಪಿಸು.

ದಣಿವಿಗೆ ನಿದ್ದೆ ಮದ್ದು, ಭಯಕ್ಕೆ ರಕ್ಷಣೆ ಮದ್ದು. ಮೂರನೆಯದೊಂದಿದೆ, ಅದಕ್ಕೆ ಸುಲಭದ ಮದ್ದಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಅದನ್ನು ನೈತಿಕ ಗಾಯ ಎಂದು ಕರೆದರು. ಸರಿಯೆಂದು ನಂಬಿದ್ದನ್ನು ಮಾಡಲಾಗದೆ ಕೈಕಟ್ಟಿ ನಿಂತಾಗ ಆಗುವ ಗಾಯ ಅದು. ಅದರಲ್ಲಿ ಭಯಕ್ಕಿಂತ ಅಪರಾಧಿ ಭಾವ, ಸಿಟ್ಟು ಹೆಚ್ಚು. ಇರುವ ಒಂದು ಹಾಸಿಗೆ ಯಾರಿಗೆ? 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಅಂಥ ರಾತ್ರಿ ಡ್ಯೂಟಿಯಲ್ಲಿದ್ದವರ ಎದೆಯಲ್ಲಿ ಉಳಿಯುವುದನ್ನು ಯಾವ ಪ್ರಶ್ನಾವಳಿಯೂ ಅಳೆಯದು. ಆದದ್ದೇನೆಂದು ಮೇಲಿನವರು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಹೊಣೆಯನ್ನು ಕೆಳಗಿನವರ ತಲೆಗೆ ಕಟ್ಟದಿರುವುದೇ ಇಲ್ಲಿ ಆಗಬೇಕಾದ ಮೊದಲ ಉಪಚಾರ.

ಸಮಾಜದ ವರ್ತನೆಯೂ ಈ ಲೆಕ್ಕದಲ್ಲಿ ಸೇರುತ್ತದೆ. 2020ರ ಮಾರ್ಚ್ 22ರ ಸಂಜೆ ಆರೋಗ್ಯ ಸಿಬ್ಬಂದಿಗಾಗಿ ನಮ್ಮ ದೇಶ ಚಪ್ಪಾಳೆ ತಟ್ಟಿತು. ಎರಡೇ ದಿನದ ನಂತರ ದೆಹಲಿಯ ಏಮ್ಸ್‌ನ ಕಿರಿಯ ವೈದ್ಯರ ಸಂಘ, ಮನೆ ಮಾಲೀಕರು ನಮ್ಮನ್ನು ಹೊರಹಾಕುತ್ತಿದ್ದಾರೆ ಎಂದು ಗೃಹ ಸಚಿವರಿಗೆ ಪತ್ರ ಬರೆಯಬೇಕಾಯಿತು. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಆಸ್ಪತ್ರೆಯ ಗೋಡೆಯ ಆಸರೆಯೂ ಇಲ್ಲದೆ ಬೀದಿಯಲ್ಲಿ ನಿಂತು ಕೆಲಸ ಮಾಡಿದವರು ಅವರು. ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. ಅದು ಕಾರ್ಮಿಕರ ಬೇಡಿಕೆಯಾಗಿ ಸುದ್ದಿಯಾಯಿತು. ನನ್ನ ಮಟ್ಟಿಗೆ ಅದು ಮಾನಸಿಕ ಆರೋಗ್ಯದ ಬೇಡಿಕೆಯೂ ಹೌದು.

ಹಾಗೆಂದು ಸಹಾಯವಾಣಿಗಳು ಬೇಡವೆಂದಲ್ಲ. ನಿಮ್ಹಾನ್ಸ್ 2020ರ ಮಾರ್ಚ್‌ನಲ್ಲೇ ಒಂದನ್ನು ತೆರೆದಿತ್ತು. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಕರೆ ಮಾಡಲು ವೈದ್ಯರೇ ಹಿಂಜರಿಯುತ್ತಾರೆ, ಆ ಹಿಂಜರಿಕೆಗೆ ಕಾರಣವೂ ಇರುತ್ತದೆ. ನ್ಯೂಯಾರ್ಕ್‌ನ ತುರ್ತು ಚಿಕಿತ್ಸಾ ವೈದ್ಯೆ ಲಾರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಿಕಿತ್ಸೆ ಪಡೆದದ್ದು ತಿಳಿದರೆ ಪರವಾನಗಿ ಹೋದೀತೆಂಬ ಭಯ ಅವರಿಗಿತ್ತು ಎಂದು ಕುಟುಂಬದವರು ಹೇಳಿದ್ದಾರೆ. ಅವರ ಹೆಸರಿನಲ್ಲೇ 2022ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ಆರೋಗ್ಯ ಸಿಬ್ಬಂದಿಯ ಮಾನಸಿಕ ನೆರವಿಗೆ ಹಣ ಬಂತು. ಪರವಾನಗಿ ಅರ್ಜಿಗಳನ್ನು ತಿದ್ದಿಸುವ ಪ್ರಯತ್ನವೂ ನಡೆದಿದೆ: ನೀವು ಎಂದಾದರೂ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ತೆಗೆದು, ಈಗ ನಿಮ್ಮ ಕೆಲಸಕ್ಕೆ ಅಡ್ಡಿಯಾಗುವ ಯಾವುದಾದರೂ ಆರೋಗ್ಯ ಸಮಸ್ಯೆ ಇದೆಯೇ ಎಂದಷ್ಟೇ ಕೇಳಬೇಕೆಂದು. ಹಲವು ರಾಜ್ಯಗಳು ಒಪ್ಪಿವೆ. ಖರ್ಚು, ಅರ್ಜಿ ನಮೂನೆಯನ್ನು ಮತ್ತೊಮ್ಮೆ ಅಚ್ಚು ಹಾಕಿಸುವಷ್ಟು.