ಊರ ಹೆಸರೇ ಜಾಹೀರಾತು: ಮದ್ದೂರು ವಡೆಯ ನಿದರ್ಶನ

ಜಾಹೀರಾತನ್ನು ಮುದ್ರಣ ಮತ್ತು ದೃಶ್ಯಮಾಧ್ಯಮಗಳ ಸೃಷ್ಟಿಯೆಂದೇ ಭಾವಿಸುವವರು ಮಾರಾಟದ ಕೂಗನ್ನು ಭಾಷಿಕ ಆಕರವಾಗಿ ಪರಿಗಣಿಸುವುದು ವಿರಳ. ಮದ್ದೂರು ವಡೆಯ ಕೂಗು ಅಂಥ ಆಕರ. ಬೆಂಗಳೂರು–ಮೈಸೂರು ಮಾರ್ಗದ ರೈಲು ಮದ್ದೂರಿನಲ್ಲಿ ನಿಲ್ಲುವ ಅಲ್ಪಾವಧಿಯೇ ಅದರ ವ್ಯಾಕರಣವನ್ನು ನಿರ್ಧರಿಸಿತು. ಅಲ್ಲಿ ಕ್ರಿಯಾಪದವಿಲ್ಲ, ಹೊಗಳಿಕೆಯಿಲ್ಲ; ಊರು, ತಿನಿಸು, ಕೊನೆಯ ಸ್ವರದ ಎಳೆತ, ಇಷ್ಟೇ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಸೇರಿಸಿ ತೆಳುವಾಗಿ ತಟ್ಟಿ ಕರಿದ ಈ ವಡೆ ಬೇಗ ಹಳಸದು, ಸಾಂಬಾರನ್ನೂ ಬೇಡದು. ಪಯಣಕ್ಕೆ ಹೇಳಿ ಮಾಡಿಸಿದ ತಿನಿಸು. ಮಂಡ್ಯದ ಬೆಲ್ಲ ಸಗಟು ಮಾರುಕಟ್ಟೆಯಿಂದಲೇ ಹೆಸರಾಯಿತು. ರೈಲು ಹಾಯದ ಮಳವಳ್ಳಿಗಂತೂ ಇಂಥ ಕೂಗು ದಕ್ಕಲಿಲ್ಲ.

ಗಮನಿಸಬೇಕಾದುದು ಸಮಾಸ. ‘ಮದ್ದೂರಿನ ವಡೆ’ ಎಂಬಲ್ಲಿ ಷಷ್ಠೀ ಪ್ರತ್ಯಯವು ವಡೆಯನ್ನು ಊರಿಗೆ ಕಟ್ಟುತ್ತದೆ. ಪ್ರತ್ಯಯ ಲೋಪವಾದ ‘ಮದ್ದೂರು ವಡೆ’ ಒಂದು ಬಗೆಯ ಹೆಸರು. ಅದನ್ನು ಬೆಂಗಳೂರಿನಲ್ಲಿಯೂ ಕರಿಯಬಹುದು, ಪೊಟ್ಟಣ ಕಟ್ಟಿ ಮೊಬೈಲ್ ಪರದೆಯಲ್ಲಿಯೂ ಮಾರಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿ ಸಾಗುತ್ತದೆ. ಹಳೆಯ ರಸ್ತೆಯ ಹೋಟೆಲುಗಳ ಫಲಕಗಳು ಎಷ್ಟೋ ಪ್ರಯಾಣಿಕರ ಕಣ್ಣಿಗೆ ಈಗ ಬೀಳುವುದೇ ಇಲ್ಲ. ಹೆಸರು ಊರೂರು ತಿರುಗುತ್ತಿದೆ. ಅದರ ಆದಾಯದಲ್ಲಿ ಮದ್ದೂರಿನ ಬಾಣಲೆಗೆ ಸಲ್ಲಬೇಕಾದ ಪಾಲಿನ ಪ್ರಶ್ನೆ ಮಾತ್ರ ಆ ಲೋಪಗೊಂಡ ಪ್ರತ್ಯಯದಲ್ಲಿಯೇ ಉಳಿದಿದೆ.