ಮನೆಯ ಮೀಡಿಯಾ ಸರ್ವರ್: ಯಾವುದನ್ನು ಮೊದಲು ಬದಲಿಸಬೇಕು?

ಮದುವೆಯ ವಿಡಿಯೋ ಕ್ಯಾಸೆಟ್ಟು, ಅಜ್ಜಿ ಹಾಡಿದ ಸೋಬಾನೆ ಪದದ ಧ್ವನಿಸುರುಳಿ, ಮಕ್ಕಳ ಶಾಲಾ ವಾರ್ಷಿಕೋತ್ಸವದ ಸಿ.ಡಿ., ಮೊಬೈಲಿನಲ್ಲಿ ತುಂಬಿಕೊಂಡ ಸಾವಿರಾರು ಚಿತ್ರಗಳು. ಇವುಗಳ ಜೊತೆಗೆ ಒಂದಷ್ಟು ಚಲನಚಿತ್ರ, ಒಂದಷ್ಟು ಸಂಗೀತ. ಇವನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಸೇರಿಸಿಟ್ಟು, ಮನೆಯ ಯಾವುದೇ ಟಿ.ವಿ. ಅಥವಾ ಮೊಬೈಲಿನಲ್ಲಿ ಬೇಕೆಂದಾಗ ನೋಡುವ ವ್ಯವಸ್ಥೆಯೇ ಮೀಡಿಯಾ ಸರ್ವರ್. ಜೆಲ್ಲಿಫಿನ್, ಪ್ಲೆಕ್ಸ್ ಮುಂತಾದ ತಂತ್ರಾಂಶಗಳು ಈ ಕೆಲಸವನ್ನು ಮಾಡುತ್ತವೆ. ಹಳೆಯ ಕಂಪ್ಯೂಟರೊಂದನ್ನು ಹೀಗೆ ಬಳಸಿಕೊಂಡ ಮನೆಗಳು ಇಂದು ಸಣ್ಣ ಊರುಗಳಲ್ಲೂ ಇವೆ.

ಎರಡು ಮೂರು ವರ್ಷ ಕಳೆದ ಮೇಲೆ ಪ್ರತಿಯೊಬ್ಬರ ಮುಂದೆಯೂ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ. ಜಾಗ ಸಾಲುತ್ತಿಲ್ಲ, ಚಿತ್ರ ತಡೆತಡೆದು ಬರುತ್ತಿದೆ. ಯಂತ್ರದ ಯಾವ ಭಾಗವನ್ನು ಬದಲಿಸಬೇಕು? ಅಂಗಡಿಗೆ ಹೋದರೆ ಹೊಸ ಪ್ರೊಸೆಸರ್ ಇರುವ ಕಂಪ್ಯೂಟರನ್ನೇ ತೋರಿಸುತ್ತಾರೆ. ಮೊದಲ ಖರ್ಚು ಅದಕ್ಕೆ ಆಗಬೇಕಾಗಿಲ್ಲ. ಕಾರಣವನ್ನು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಒಂದು ಬೆಟ್ಟವನ್ನು ನೆನೆಯುವುದು ಒಳ್ಳೆಯದು.

ಬಳೆಗಾರ ಗುಂಡಿನ ಪಾಠ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಸುತ್ತಿನ ಜನರು ಜಟಾಯುವಿನ ಕಥೆಯೊಂದಿಗೆ ಸೇರಿಸಿ ಹೇಳುತ್ತಾರೆ. ಅಲ್ಲಿಯ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ಅದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು ಬಂದಿತು. ಇಪ್ಪತ್ತೆರಡು ಶತಮಾನಗಳಲ್ಲಿ ಅಕ್ಷರಗಳು ಬಹಳ ಸವೆದಿವೆ. ಆ ಬಂಡೆಯೊಂದೇ ಇದ್ದಿದ್ದರೆ ಸಾಲುಗಳನ್ನು ಪೂರ್ತಿಯಾಗಿ ಓದಲು ಸಾಧ್ಯವಾಗುತ್ತಿರಲಿಲ್ಲ.

ಆದರೆ ಅದೇ ಸಂದೇಶವನ್ನು ಕೆಲವೇ ಮೈಲಿ ದೂರದ ಬ್ರಹ್ಮಗಿರಿಯಲ್ಲಿ ಒಂದು ಸಲ, ಸಿದ್ದಾಪುರದಲ್ಲಿ ಇನ್ನೊಂದು ಸಲ ಕೆತ್ತಿಸಲಾಗಿತ್ತು. ಬಿ.ಎಲ್. ರೈಸ್ ಅವರು 1892ರಲ್ಲಿ ಮೂರನ್ನೂ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದಲ್ಲಿ ಅಳಿಸಿಹೋದ ಮಾತನ್ನು ಉಳಿದೆರಡರ ಸಹಾಯದಿಂದ ವಿದ್ವಾಂಸರು ಗುರುತಿಸಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆ ನಮಗೆ ಉಳಿದದ್ದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ, ಪ್ರತಿಗಳು ಬೇರೆ ಬೇರೆ ಜಾಗಗಳಲ್ಲಿ ಇದ್ದುದರಿಂದ. ಕಲ್ಲೇ ಸವೆಯುವುದಾದರೆ ಐದಾರು ವರ್ಷ ಬಾಳುವ ಹಾರ್ಡ್ ಡಿಸ್ಕಿನ ಮಾತೇನು?

ಆದ್ದರಿಂದ ಸರ್ವರನ್ನು ಉತ್ತಮಗೊಳಿಸುವಾಗ ಮೊದಲ ಹಣ ಎರಡನೆಯ ಪ್ರತಿಗೆ ಸಲ್ಲಬೇಕು. ವೇಗದ ವಿಚಾರ ಆಮೇಲಿನದು.

ಮರಳಿ ಸಿಗುವುದು, ಮರಳಿ ಸಿಗದ್ದು

ನಿಮ್ಮ ಸಂಗ್ರಹವನ್ನು ಎರಡು ಭಾಗ ಮಾಡಿ ನೋಡಿ. ಚಲನಚಿತ್ರ, ಸಂಗೀತದ ಸಿ.ಡಿ.ಗಳಿಂದ ತೆಗೆದ ಹಾಡು, ಇವು ಹೋದರೂ ಮತ್ತೆ ಸಿಗುತ್ತವೆ. ಮನೆಯ ವಿಡಿಯೋ, ಫೋಟೋ, ಹಿರಿಯರ ದನಿ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಸಮಾಧಾನದ ಸಂಗತಿಯೆಂದರೆ ಎರಡನೆಯ ಭಾಗ ಸಾಮಾನ್ಯವಾಗಿ ಚಿಕ್ಕದು. ಲೆಕ್ಕ ಹಾಕೋಣ. ಮೂರು ಗಂಟೆಯ 20 ವಿ.ಎಚ್.ಎಸ್. ಕ್ಯಾಸೆಟ್ಟುಗಳಿವೆ ಎಂದಿಟ್ಟುಕೊಳ್ಳಿ. ಒಟ್ಟು 60 ಗಂಟೆ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಡಿಜಿಟಲ್ ಮಾಡಿದರೆ ಗಂಟೆಗೆ ಸುಮಾರು 1.8 ಗಿಗಾಬೈಟ್. ಅಂದರೆ ಇಡೀ ಸಂಗ್ರಹ 108 ಗಿಗಾಬೈಟ್. ಅದಕ್ಕೆ ಫೋಟೋಗಳನ್ನು ಸೇರಿಸಿದರೂ 1 ಟೆರಾಬೈಟಿನ ಡಿಸ್ಕಿನಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಸರ್ವರಿನಲ್ಲಿ 8 ಟೆರಾಬೈಟ್ ತುಂಬಿದ್ದರೂ ತಕ್ಷಣ ಕಾಪಾಡಬೇಕಾದದ್ದು ಇಷ್ಟೇ.

ಕ್ಯಾಸೆಟ್ಟುಗಳು ಇನ್ನೂ ಬೀರುವಿನಲ್ಲೇ ಇದ್ದರೆ ಆ ಕೆಲಸವನ್ನು ಮುಂದೂಡಬೇಡಿ. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಸಿಗದ ಕಾಲ ಹತ್ತಿರವಾಗುತ್ತಿದೆ.

ಡಿಸ್ಕುಗಳ ಆಯ್ಕೆ

ಮುಖ್ಯವಾದದ್ದಕ್ಕೆ ಮೂರು ಪ್ರತಿ ಇರಲಿ. ಒಂದು ಸರ್ವರಿನೊಳಗೆ. ಎರಡನೆಯದು ಯು.ಎಸ್.ಬಿ. ಡಿಸ್ಕಿನಲ್ಲಿ, ಪ್ರತಿ ಮಾಡುವಾಗ ಮಾತ್ರ ಅದನ್ನು ಜೋಡಿಸಿ, ಕೆಲಸ ಮುಗಿದೊಡನೆ ತೆಗೆದಿಡಿ. ಸದಾ ಜೋಡಿಸಿಟ್ಟ ಡಿಸ್ಕು ಸಿಡಿಲು ಬಡಿದಾಗಲೂ, ವೈರಸ್ ಬಂದಾಗಲೂ ಸರ್ವರಿನೊಂದಿಗೇ ಹಾಳಾಗಬಹುದು. ಮೂರನೆಯದು ಬೇರೆ ಊರಿನಲ್ಲಿ ಇರಲಿ. ದಾವಣಗೆರೆಯ ಅಕ್ಕನ ಮನೆಗೋ ಬೆಂಗಳೂರಿನ ಮಗನ ಮನೆಗೋ ಹೋಗುವಾಗ ಒಂದು ಡಿಸ್ಕನ್ನು ಕೊಟ್ಟು, ಅಲ್ಲಿದ್ದ ಹಳೆಯದನ್ನು ತಂದರೆ ಆಯಿತು.

ಎರಡು ಡಿಸ್ಕುಗಳಲ್ಲಿ ಒಂದೇ ಸಮಯಕ್ಕೆ ಬರೆಯುವ ರೇಡ್ ಎಂಬ ವ್ಯವಸ್ಥೆಯನ್ನು ಅನೇಕರು ಎರಡನೆಯ ಪ್ರತಿ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ಒಂದು ಡಿಸ್ಕು ಕೆಟ್ಟರೆ ಸರ್ವರು ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಆದರೆ ನೀವು ಕೈತಪ್ಪಿ ಅಳಿಸಿದ ಫೈಲು ಎರಡು ಡಿಸ್ಕುಗಳಲ್ಲೂ ಅದೇ ಕ್ಷಣದಲ್ಲಿ ಅಳಿಯುತ್ತದೆ.

ಡಿಸ್ಕು ಕೊಳ್ಳುವಾಗ ಅದು ಸಿ.ಎಂ.ಆರ್. ಬಗೆಯದೋ ಎಸ್.ಎಂ.ಆರ್. ಬಗೆಯದೋ ಎಂದು ಕೇಳಿ. ಎಸ್.ಎಂ.ಆರ್. ಡಿಸ್ಕಿನಲ್ಲಿ ಮಾಹಿತಿಯ ಪಥಗಳು ಮನೆಯ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ನಡುವಿನ ಒಂದು ಹೆಂಚನ್ನು ಬದಲಿಸಲು ಪಕ್ಕದವನ್ನೂ ಎತ್ತಬೇಕಾದಂತೆ, ಇಲ್ಲಿಯೂ ಒಂದನ್ನು ತಿದ್ದಲು ಹಲವನ್ನು ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ಬರೆದು ತೆಗೆದಿಡುವ ಪ್ರತಿಗೆ ಅದು ಸಾಕು. ಸರ್ವರಿನೊಳಗೆ, ಅದರಲ್ಲೂ ರೇಡ್ ಇದ್ದರೆ, ಸಿ.ಎಂ.ಆರ್. ಬೇಕು.

ಹೊಸ ಡಿಸ್ಕಿಗೆ ಎಲ್ಲವನ್ನೂ ಸಾಗಿಸಿದ ದಿನವೇ ಹಳೆಯದನ್ನು ಅಳಿಸಬೇಡಿ. ಕೆಲವು ಫೈಲುಗಳನ್ನು ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಓಡಿಸಿ ನೋಡಿ. ಒಂದೆರಡು ತಿಂಗಳು ಕಳೆಯಲಿ. ಆಗಾಗ ಡಿಸ್ಕಿನ ಸ್ಮಾರ್ಟ್ ವರದಿಯನ್ನು ತೆರೆದು, ಕೆಟ್ಟುಹೋಗಿ ಬದಲಿಸಲಾದ ಸೆಕ್ಟರುಗಳ ಸಂಖ್ಯೆ ಏರುತ್ತಿದೆಯೇ ಎಂದು ಪರೀಕ್ಷಿಸಿ. ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ.

ಕರೆಂಟು, ಸೆಕೆ ಮತ್ತು ಧೂಳು

ಚಳ್ಳಕೆರೆ, ಮೊಳಕಾಲ್ಮೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಸರ್ವರಿಗೆ ದೊಡ್ಡ ಶತ್ರುಗಳು ಈ ಮೂರು. ಡಿಸ್ಕು ಬರೆಯುತ್ತಿರುವಾಗ ಕರೆಂಟು ಹೋದರೆ ಆ ಫೈಲು ಮಾತ್ರವಲ್ಲ, ಫೈಲುಗಳ ಪಟ್ಟಿಯೇ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಭಾಗದಲ್ಲಿ ಯು.ಪಿ.ಎಸ್. ಮೋಡ್ ಎಂಬ ಗುಂಡಿ ಇದೆಯೇ ನೋಡಿ. ಫ್ಯಾನು, ದೀಪಗಳಿಗೆ ಹೊಂದಿಸಿದ ಸಾಮಾನ್ಯ ಮೋಡ್‌ನಲ್ಲಿ ಕರೆಂಟು ಬದಲಾಗುವ ಹೊತ್ತು ಕಂಪ್ಯೂಟರಿಗೆ ಹೆಚ್ಚಾಗಬಹುದು. ದೀಪ ಒಮ್ಮೆ ಮಿಣುಕುವಷ್ಟರಲ್ಲಿ ಸರ್ವರು ಆರಿರುತ್ತದೆ. ಇನ್ವರ್ಟರು ಸೈನ್ ವೇವ್ ಬಗೆಯದಾಗಿದ್ದರೆ ಉತ್ತಮ. ಇನ್ವರ್ಟರ್ ಇಲ್ಲದಿದ್ದರೆ ಚಿಕ್ಕ ಯು.ಪಿ.ಎಸ್. ಕೊಳ್ಳಿ. ಯು.ಎಸ್.ಬಿ. ತಂತಿಯ ಮೂಲಕ ಸರ್ವರಿಗೆ ಸೂಚನೆ ಕೊಟ್ಟು, ಬ್ಯಾಟರಿ ಮುಗಿಯುವ ಮುನ್ನ ಅದನ್ನು ಕ್ರಮವಾಗಿ ಮುಚ್ಚಿಸುವ ಮಾದರಿಗಳಿವೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ.

ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದರೆ ಅದರ ಬ್ಯಾಟರಿಯೇ ಯು.ಪಿ.ಎಸ್. ಆಗುತ್ತದೆ. ಆದರೆ ಬ್ಯಾಟರಿಯನ್ನು ಸದಾ ಪೂರ್ತಿ ತುಂಬಿಡದೆ, ಸೌಲಭ್ಯವಿದ್ದರೆ, 80 ಪ್ರತಿಶತಕ್ಕೆ ಮಿತಿ ಹಾಕಿ. ಉಬ್ಬಿದ ಬ್ಯಾಟರಿಯನ್ನು ಕೂಡಲೇ ತೆಗೆಸಿ.

ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ಮುಚ್ಚಿದ ಟಿ.ವಿ. ಕಪಾಟಿನೊಳಗಿನ ಡಿಸ್ಕು 50 ಡಿಗ್ರಿಯನ್ನೂ ದಾಟಬಹುದು. ಅದನ್ನು 45ರ ಒಳಗೆ ಇಡುವುದು ಕ್ಷೇಮ. ಸರ್ವರನ್ನು ಗಾಳಿಯಾಡುವ ಕಡೆ, ನೆಲದಿಂದ ಎರಡಡಿ ಮೇಲೆ ಇಡಿ. ಇನ್ವರ್ಟರ್ ಬ್ಯಾಟರಿಯ ಮೇಲಂತೂ ಬೇಡ. ಒಂದು ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದು ಎರಡು ಚಿಕ್ಕವು ಕಿರುಚುವುದಕ್ಕಿಂತ ಮೇಲು. ಎರಡು ತಿಂಗಳಿಗೊಮ್ಮೆ ಧೂಳು ತೆಗೆಯಿರಿ.

ಕರೆಂಟು ಬಿಲ್ಲೂ ಲೆಕ್ಕಕ್ಕೆ ಬರಲಿ. ಸುಮ್ಮನಿದ್ದಾಗಲೂ 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ಹಗಲುರಾತ್ರಿ ಓಡಿದರೆ ತಿಂಗಳಿಗೆ ಸುಮಾರು 43 ಯೂನಿಟ್. ಹತ್ತು ವ್ಯಾಟಿನ ಚಿಕ್ಕ ಯಂತ್ರಕ್ಕೆ 7 ಯೂನಿಟ್ ಸಾಕು.

ಪ್ರೊಸೆಸರ್ ಯಾವಾಗ ಬೇಕು?

ಫೈಲು ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಟಿ.ವಿ.ಗೆ ಅರ್ಥವಾದರೆ ಸರ್ವರಿಗೆ ಹೆಚ್ಚು ಕೆಲಸವಿಲ್ಲ. ಡಿಸ್ಕಿನಿಂದ ತೆಗೆದು ಕಳಿಸುವುದಷ್ಟೇ. ಹತ್ತು ವರ್ಷ ಹಳೆಯ ಯಂತ್ರವೂ ಅದನ್ನು ಮಾಡುತ್ತದೆ. ಟಿ.ವಿ.ಗೆ ಅರ್ಥವಾಗದಿದ್ದಾಗ ಸರ್ವರು ದುಭಾಷಿಯಾಗಿ, ನೋಡುತ್ತಿರುವಾಗಲೇ ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಪ್ರೊಸೆಸರಿಗೆ ಬೆವರಿಳಿಸುವ ಕೆಲಸ ಇದೇ. ಇಂದಿನ ಅನೇಕ ಮೊಬೈಲುಗಳು ಎಚ್.265 ರೂಪದಲ್ಲಿ ವಿಡಿಯೋ ತೆಗೆಯುತ್ತವೆ, ಹಳೆಯ ಟಿ.ವಿ.ಗಳಿಗೆ ಎಚ್.264 ಮಾತ್ರ ಗೊತ್ತು.

ಪರಿಹಾರ ಎರಡಿವೆ. ಒಂದೇ ಹಳೆಯ ಟಿ.ವಿ. ಇದ್ದರೆ ಎಚ್.265 ಬಲ್ಲ ಸ್ಟ್ರೀಮಿಂಗ್ ಪೆಟ್ಟಿಗೆಯೊಂದನ್ನು ಅದಕ್ಕೆ ಜೋಡಿಸಿ. ಸರ್ವರು ಬದಲಿಸುವುದಕ್ಕಿಂತ ಇದು ಅಗ್ಗ. ಹಲವು ಬಗೆಯ ಪರದೆಗಳಿದ್ದರೆ ಟ್ರಾನ್ಸ್‌ಕೋಡಿಂಗಿಗೆಂದೇ ಪ್ರತ್ಯೇಕ ಮಂಡಲ ಇರುವ ಪ್ರೊಸೆಸರ್ ತೆಗೆದುಕೊಳ್ಳಿ. ಇಂಟೆಲ್ ಕಂಪನಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು 2011ರಲ್ಲಿ ತಂದಿತು. 2017ರ ಆಸುಪಾಸಿನ ಏಳನೆಯ ತಲೆಮಾರಿನಿಂದ 10 ಬಿಟ್‌ನ ಎಚ್.265 ಕೂಡ ಅದಕ್ಕೆ ಸುಲಭ. ಕಚೇರಿಗಳು ಮಾರಿದ ಎಂಟನೆಯ ತಲೆಮಾರಿನ ಚಿಕ್ಕ ಕಂಪ್ಯೂಟರುಗಳು, ಅಥವಾ 2023ರಲ್ಲಿ ಬಂದ ಎನ್100 ಪ್ರೊಸೆಸರಿನ ಪೆಟ್ಟಿಗೆಗಳು ಮನೆಗೆ ಸಾಕಷ್ಟಾದವು. ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಈ ಮಂಡಲ ಇರುವುದಿಲ್ಲ ಎಂಬುದು ನೆನಪಿರಲಿ. ತಂತ್ರಾಂಶದಲ್ಲೂ ವ್ಯತ್ಯಾಸವಿದೆ: ಈ ಸೌಲಭ್ಯ ಜೆಲ್ಲಿಫಿನ್‌ನಲ್ಲಿ ಉಚಿತ, ಪ್ಲೆಕ್ಸ್‌ನಲ್ಲಿ ಹಣ ಕೊಟ್ಟವರಿಗೆ.

ಮೆಮೊರಿ 8 ಗಿಗಾಬೈಟ್ ಇದ್ದರೆ ಸಾಮಾನ್ಯ ಮನೆಗೆ ಸಾಲುತ್ತದೆ. ತಂತ್ರಾಂಶವನ್ನು ಚಿಕ್ಕ ಎಸ್.ಎಸ್.ಡಿ.ಗೆ ಸಾಗಿಸಿದರೆ ಚಿತ್ರಗಳ ಪಟ್ಟಿ ತಟ್ಟನೆ ತೆರೆಯುತ್ತದೆ.

ತಂತಿಯನ್ನು ಮರೆಯದಿರಿ

ಚಿತ್ರ ತಡೆತಡೆದು ಬಂದರೆ ಪ್ರೊಸೆಸರನ್ನು ದೂರುವ ಮುನ್ನ ಸರ್ವರಿನಿಂದ ಟಿ.ವಿ.ಗೆ ತಂತಿ ಎಳೆದು ನೋಡಿ. ಕಲ್ಲಿನ ದಪ್ಪ ಗೋಡೆಗಳನ್ನು ವೈಫೈ, ಅದರಲ್ಲೂ 5 ಗಿಗಾಹರ್ಟ್ಸ್‌ನ ಅಲೆ, ದಾಟಲು ಕಷ್ಟಪಡುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ತಂತಿ 100 ಮೀಟರ್‌ವರೆಗೆ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುತ್ತದೆ. ಅದಕ್ಕೆ ಒಳಗಿನ ಎಂಟೂ ಎಳೆಗಳು ಸರಿಯಿರಬೇಕು. ಒಂದು ಎಳೆ ಕಡಿದರೂ ವೇಗ 100ಕ್ಕೆ ಇಳಿಯಬಹುದು. ಹಳೆಯ ರೂಟರುಗಳ ರಂಧ್ರಗಳು 100ರ ಮಿತಿಯವೇ ಆಗಿರಬಹುದು. ಮನೆಯ ವಿಡಿಯೋಗಳಿಗೆ ಅದು ಸಾಕು; 4ಕೆ ಚಲನಚಿತ್ರಕ್ಕೆ ಕೆಲವೊಮ್ಮೆ ಸಾಲದು.

ಖರ್ಚಿನ ಕ್ರಮ

ಒಟ್ಟಾರೆ ಹೇಳುವುದಾದರೆ, ಮೊದಲು ಮರಳಿ ಸಿಗದ ಸಂಗ್ರಹಕ್ಕೆ ಎರಡು ಯು.ಎಸ್.ಬಿ. ಡಿಸ್ಕು. ಎರಡನೆಯದಾಗಿ ಯು.ಪಿ.ಎಸ್. ಮತ್ತು ಗಾಳಿಯ ಏರ್ಪಾಡು. ಮೂರನೆಯದಾಗಿ ಸರ್ವರಿನ ದೊಡ್ಡ ಡಿಸ್ಕು. ನಾಲ್ಕನೆಯದಾಗಿ ತಂತಿ ಮತ್ತು ರೂಟರು. ಇಷ್ಟಾದ ಮೇಲೂ ಟ್ರಾನ್ಸ್‌ಕೋಡಿಂಗಿನ ತೊಂದರೆ ಉಳಿದರೆ ಹೊಸ ಪ್ರೊಸೆಸರು.

ಇದರ ಜೊತೆಗೆ ಖರ್ಚಿಲ್ಲದ ಒಂದು ಕೆಲಸವಿದೆ. ಯಾವ ಡಿಸ್ಕಿನಲ್ಲಿ ಏನಿದೆ, ಪಾಸ್‌ವರ್ಡ್ ಯಾವುದು, ಕೆಟ್ಟರೆ ಮರಳಿ ತುಂಬುವುದು ಹೇಗೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದು, ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತಿಳಿಸಿ. ವ್ಯವಸ್ಥೆ ಮಾಡಿದವರು ಇಲ್ಲದ ದಿನವೂ ಮೊಮ್ಮಕ್ಕಳು ಅಜ್ಜಿಯ ಸೋಬಾನೆ ಪದವನ್ನು ಹುಡುಕಿ ಕೇಳುವಂತಿರಬೇಕು.